ಹದಿನೆಂಟು, ಬಿಳಿ

ಟೊಲೀಡೊದ ಪೂರ್ವದಂಡೆ. ಫೆಬ್ರವರಿ. ಏಳಕ್ಕೆ ಹತ್ತು ನಿಮಿಷ.
ಅಂಗಡಿ ತೆರೆಯುವ ಮೊದಲೇ ಹನ್ನೊಂದು ಜನ,
ಒಬ್ಬರ ಬಾಯಿಯ ಹಬೆ ಇನ್ನೊಬ್ಬರ ಕಾಲರಿಗೆ.
ಮೊಟ್ಟೆಗೆ ಬಂದೆ ಎಂದು ಯಾರೂ ಹೇಳುವುದಿಲ್ಲ.
ಹಾಲಿಗಂತೆ, ಬ್ರೆಡ್ಡಿಗಂತೆ, ಬೆಕ್ಕಿನ ಬಿಸ್ಕತ್ತಿಗಂತೆ.
ಬಾಗಿಲು ಸರಿದದ್ದೇ ತಡ
ಎಲ್ಲರ ಕಾಲೂ ಒಂದೇ ಮೂಲೆಗೆ.

ನಾನೂ ಓಡಿದೆ. ಅರವತ್ತೆಂಟರ ಮಂಡಿಚಿಪ್ಪು
ಒಡೆದೇನು ಎಂದಿತು, ಒಡೆಯಲಿಲ್ಲ.

ಕಪಾಟು ಹಲ್ಲುದುರಿದ ಬಾಯಿ.
ಬೆಲೆಯ ಚೀಟಿಯ ಮೇಲೆ ಚೀಟಿ, ಅದರ ಮೇಲೆ ಚೀಟಿ.
ಉಗುರಲ್ಲಿ ತುದಿ ಕೆರೆದೆ:
ಎಂಟರ ಕೆಳಗೆ ಆರು, ಆರರ ಕೆಳಗೆ ನಾಲ್ಕು,
ಎಲ್ಲಕ್ಕೂ ಕೆಳಗೆ, ಅಂಟಿನಲ್ಲಿ ಅರ್ಧ ಹರಿದು,
ನನ್ನ ಗಂಡ ಬದುಕಿದ್ದಾಗಿನ ಎರಡು ಡಾಲರು.

ಉಳಿದಿದ್ದವೆಲ್ಲ ಮಾತಾಡುವ ಡಬ್ಬಿಗಳು.
ಪಂಜರವಿಲ್ಲ, ಎಂದಿತು ಒಂದು.
ಅದರ ಪಕ್ಕದ್ದು: ಹಸಿರು ಹುಲ್ಲುಗಾವಲು,
ಕೋಳಿಯೊಂದಕ್ಕೆ ನೂರೆಂಟು ಚದರಡಿ.
(ನನ್ನ ಅಡುಗೆಮನೆ ತೊಂಬತ್ತು.)
ನಮ್ಮ ಕೋಳಿ ಶುದ್ಧ ಸಸ್ಯಾಹಾರಿ, ಎಂದಿತು ಮತ್ತೊಂದು.
ಅಯ್ಯೋ, ನಮ್ಮಜ್ಜಿಯ ಹಿತ್ತಲಲ್ಲಿ
ಒಂದು ಎರೆಹುಳುವಿಗೆ ಒಡಹುಟ್ಟಿದವಳನ್ನೇ ಕುಕ್ಕುತ್ತಿದ್ದವು;
ಇವಕ್ಕೆ ಯಾವ ಗುರುಗಳು ದೀಕ್ಷೆ ಕೊಟ್ಟರೋ.
ಹಾರ್ಮೋನು ಹಾಕಿಲ್ಲ, ಎಂಬುದೂ ಇತ್ತು:
ಕುಂಬಳಕಾಯಿ ಕಳ್ಳ ಎಂದು ಯಾರೂ ಕರೆಯುವ ಮೊದಲೇ
ಹೆಗಲು ಒರೆಸಿಕೊಂಡಂತೆ.
ಇನ್ನೊಂದರ ಮೇಲೆ ಅಕ್ಷರವೇ ಇಲ್ಲ,
ಬರೀ ಸೂರ್ಯೋದಯ, ಒಂದು ಕೆಂಪು ಕೊಟ್ಟಿಗೆ.
ಅದೇ ಎಲ್ಲಕ್ಕಿಂತ ದುಬಾರಿ.

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ಸರಿ.
ಡಬ್ಬಿಯ ಮೇಲಿನ ಈ ಮಾತಿಗಾದರೂ ಕೇಳಿದರೇನು?
ಜ್ವರ ಬಂದ ಶೆಡ್ಡಿನಲ್ಲಿ ಒಂದೇ ರಾತ್ರಿಗೆ
ಎಲ್ಲವನ್ನೂ ಮಣ್ಣು ಮಾಡಿದ ಸುದ್ದಿ
ಯಾವ ಮುಚ್ಚಳದ ಮೇಲೂ ಇರಲಿಲ್ಲ.

ಆಗ ಕಂಡಿತು, ಕೆಳಗಿನ ಸಾಲಿನ ಹಿಂಬದಿಗೆ ಒತ್ತಿಕೊಂಡು
ಏನೂ ಹೇಳದ ಬೂದು ಟ್ರೇ. ಹದಿನೆಂಟು, ಬಿಳಿ.
ನಾನು ಒಂದು ತುದಿ ಹಿಡಿದೆ. ಇನ್ನೊಂದು ತುದಿಯಲ್ಲಿ
ಗ್ರೀಸು ಮೆತ್ತಿದ ಉದ್ದನೆಯ ಬೆರಳು.
ಇಬ್ಬರೂ ಎಳೆಯಲಿಲ್ಲ. ಮೊಟ್ಟೆಯಲ್ಲವೇ.

ಮೂವತ್ತರ ಹುಡುಗ. ರಾತ್ರಿಪಾಳಿ ಮುಗಿಸಿದ ಕಣ್ಣು,
ಎದೆಯ ಬಿಲ್ಲೆಯ ಮೇಲೆ ಡಿಮೇರಿಯಸ್ ಎಂದಿದೆ.
‘ಮಗಳಿಗೆ ಇವತ್ತು ಆರು ತುಂಬುತ್ತೆ ಅಮ್ಮಾ, ಕೇಕಿಗೆ.’
‘ನನಗೆ ಊದಿ ಖಾಲಿ ಮಾಡಲಿಕ್ಕೆ’ ಎಂದೆ.
ಅವನು ನೋಡಿದ ನೋಟ!
ನಿಂತಲ್ಲೇ ಹೇಳಬೇಕಾಯಿತು: ಸೂಜಿಯ ತೂತು,
ಮೇಣದ ಗೆರೆ, ಈಸ್ಟರಿನ ಕೆಂಪು ಬಣ್ಣ,
ಕಂದು ಚಿಪ್ಪಿನ ಮೇಲೆ ಕೆಂಪು ಮಂಕಾಗುವುದು,
ಒಳಗಿನದನ್ನು ಚೆಲ್ಲುವುದಿಲ್ಲಪ್ಪ, ಶಾವಿಗೆಗೆ ಕಲಸುತ್ತೇನೆ,
ನನ್ನ ಹೆಸರು ಪಿರೋಷ್ಕಾ, ನಮ್ಮ ಮಾತಿನಲ್ಲಿ
ಹೆಸರಲ್ಲೇ ಕೆಂಪಿದೆ.
‘ಅರ್ಧರ್ಧ?’ ಎಂದ.

ಗಲ್ಲಾದ ಹುಡುಗಿ ಎರಡು ರಸೀದಿ ಆಗುವುದಿಲ್ಲ ಎಂದಳು.
ಅವನು ಕೊಟ್ಟ, ನಾನು ಅವನಿಗೆ ಎಣಿಸಿದೆ,
ಕೊನೆಯ ಸೆಂಟಿನವರೆಗೆ; ಲೆಕ್ಕ ಲೆಕ್ಕವೇ.

ಹೊರಗೆ ಹಿಮದಲ್ಲಿ ಹಂಚಿಕೆ. ಟ್ರೇ ಹರಿಯಲು ಹೋದರೆ
ನೆನೆದ ರಟ್ಟು ಕೈಗೇ ಕಿತ್ತುಬಂತು.
ಅವನ ಊಟದ ಡಬ್ಬಿ ಎಂಟನ್ನು ನುಂಗಿತು.
ನಾನು ತಲೆಯ ಉಣ್ಣೆ ಟೋಪಿ ತೆಗೆದು ಮಗುಚಿದೆ:
ಒಂಬತ್ತು, ಒಂದಕ್ಕೊಂದು ಒತ್ತಿ, ಅಲುಗದಂತೆ.
ಉಳಿದ ಒಂದನ್ನು ಮುಷ್ಟಿಯಲ್ಲಿಟ್ಟುಕೊಂಡೇ
ಅವನು ಗಾಡಿ ಹತ್ತಿದ; ತಿರುವಿನಲ್ಲಿ ಕೈಬೀಸಲಾಗದೆ
ಮೊಣಕೈಯಿಂದ ಹಾರನ್ನು ಒತ್ತಿದ.

ನಾನು ಬಸ್‌ಸ್ಟಾಪಿನಲ್ಲಿ, ಬರಿದಲೆ,
ಕಿವಿ ಉರಿಯುತ್ತ, ಎರಡೂ ಕೈಯಲ್ಲಿ ಟೋಪಿ ಹಿಡಿದು ನಿಂತೆ.
ಒಳ್ಳೆಯ ಕೋಟಿನವನೊಬ್ಬ ಹಾದುಹೋಗುವವನು ನಿಂತ,
ನನ್ನ ಮುಖ ನೋಡಿದ, ಜೇಬು ತಡವಿದ,
ನಾಣ್ಯ ಹಿಡಿದ ಕೈ ಟೋಪಿಯ ಮೇಲೆ ಬಂತು.

ಹಾಕಬೇಡಪ್ಪಾ, ಎಂದೆ,
ಒಡೆಯುತ್ತೆ.