ಎಲ್ಲಿ ನೋಯ್ತದೆ

ಟೆಂಪರೇಚರ್ ಚಾರ್ಟಿನ ಹಿಂಬದಿಗೆ
ನಾಲ್ಕು ದೇಶ ಬರೆದಿಟ್ಟಿದ್ದೇನೆ.
ರಾತ್ರಿ ಎರಡೂಕಾಲು, ಮಂಡ್ಯ, ಗಂಡಸರ ವಾರ್ಡು.
ಮೂವತ್ತೆಂಟು ಹಾಸಿಗೆ, ನೆಲದ ಮೇಲೆ ಐವರು,
ನಾನು, ಮತ್ತೆ ಇನ್ನೂ ಬಾರದ ಜೆಸಿಂತ.
ಕಿಟಕಿಯಾಚೆ ಕಬ್ಬು ಅರೆಯುವ ವಾಸನೆ,
ಬೆಲ್ಲಕ್ಕೂ ಕೊಳೆತದ್ದಕ್ಕೂ ನಡುವಿನದು.

ಸೌದಿ: ತೆರಿಗೆಯಿಲ್ಲ.
ಸಬೀಹ ಮೂರೇ ವರ್ಷಕ್ಕೆ ಗುತ್ತಲಿನಲ್ಲಿ ಮನೆ ಎಬ್ಬಿಸಿದಳು,
ಮೇಲೊಂದು ಮಹಡಿ.
ಮಗಳನ್ನು ಮಾತ್ರ ಫೋನಿನಲ್ಲೇ ಬೆಳೆಸಿದಳು,
ಹಲ್ಲು ಬಿದ್ದದ್ದು, ಹಲ್ಲು ಬಂದದ್ದು
ಎರಡೂ ಸಿಗ್ನಲ್ ಇದ್ದಷ್ಟು ಹೊತ್ತು.
ನನ್ನದಕ್ಕೂ ಈಗ ಮುಂದಿನ ಹಲ್ಲು ಅಲ್ಲಾಡುತ್ತಿದೆ.

ಐರ್ಲೆಂಡು: ಪ್ರಫುಲ್ಲಾ ಹೇಳುತ್ತಾಳೆ,
ಅಳಿಸೋದು ಮಳೆಯಲ್ಲ ಕಣೇ, ಬಾಡಿಗೆ.

ಇಂಗ್ಲೆಂಡು: ಬೊಂಬೆಯ ಮುಂದೆ ಪರೀಕ್ಷೆ.
ಬೊಂಬೆಗೆ ನಮಸ್ಕಾರ ಹೇಳಿ ಹೆಸರು ಕೇಳಬೇಕು,
ಕೈ ತೊಳೆಯದೆ ಮುಟ್ಟಿದರೆ ಫೇಲು.
ಇಲ್ಲಿ ನಲ್ಲಿ ಬರುವುದು ಬೆಳಗ್ಗೆ ಆರಕ್ಕೆ.

ಜರ್ಮನಿ ಎದುರು ಏನೂ ಬರೆದಿಲ್ಲ.
ನೂರಡಿ ರಸ್ತೆಯ ಏಜೆಂಟ್ ಅಂದಿದ್ದ,
"ಒಬ್ಬ ನರ್ಸಿಗೆ ಅಲ್ಲಿ ಹತ್ತೇ ಪೇಷೆಂಟು ಮೇಡಂ."
ನಿಜವೋ ಸುಳ್ಳೋ, ಅಂದಿನಿಂದ ಒಂದೇ ಯೋಚನೆ:
ಉಳಿದ ಮೂವತ್ತಮೂರು ಜನರ ಹೊತ್ತನ್ನು
ನಾನು ಏನು ಮಾಡಲಿ?
ಯಾರದೋ ತಲೆ ಬಾಚಬಹುದು.
ಒಬ್ಬರ ಮಾತನ್ನು ಕೊನೆಯವರೆಗೆ ಕೇಳಬಹುದು.

ಹನ್ನೊಂದನೇ ಹಾಸಿಗೆಯ ಬೋರಲಿಂಗಯ್ಯ,
ರಿಟೈರಾದ ಕಂಡಕ್ಟರು, ಉಬ್ಬಸ,
ತನ್ನ ಚಾರ್ಟು ತಾನೇ ತಿರುಗಿಸಿ ನೋಡಿ
ಗಾಬರಿಯಾದರು:
"ಸಿಸ್ಟರೇ, ಸೌದಿ ಅಂತ ಬರ್ದಿದ್ದೀರಲ್ಲ,
ಅಷ್ಟೊಂದು ಸುಡ್ತಾ ಇದ್ದೀನಾ?"
ವಿಷಯ ಹೇಳಿದೆ. ಮೂರು ಸಲ ಉಸಿರೆಳೆದುಕೊಂಡರು.
"ಹೋಗೋ ಬಸ್ಸು ಎಲ್ರೂ ಕೇಳ್ತಾರೆ.
ವಾಪಸ್ ಕೊನೇ ಬಸ್ಸು ಎಷ್ಟೊತ್ಗೆ ಅಂತ
ಮೊದ್ಲೇ ಕೇಳ್ಕೊಳಿ."
ಆಮೇಲೆ ಮಾಸ್ಕು ಹಾಕಿಕೊಂಡು ಮಲಗಿಬಿಟ್ಟರು,
ಟಿಕೆಟು ಹರಿದು ಕೊಟ್ಟಾಯಿತು ಎನ್ನುವಂತೆ.
ಅವರಿಗೆ ಹೊಸ ಚಾರ್ಟು ಹಾಕಿದೆ,
ಹಳೆಯದನ್ನು ಚೀಲಕ್ಕೆ.

ಭಾನುವಾರ ಮೈಸೂರು, ಸರಸ್ವತಿಪುರಂ,
ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ,
ಜರ್ಮನ್ ಕಲಿಯಲು ಹದಿನಾಲ್ಕು ಹೆಂಗಸರು,
ಒಬ್ಬ ಗಂಡಸು, ಒಂದು ಫ್ಯಾನು.
ವಿದ್ಯುಲ್ಲತಾ ಮೇಡಂ ಹೇಳುತ್ತಾರೆ:
ಚಮಚ ಪುಲ್ಲಿಂಗ. ಮುಳ್ಳುಚಮಚ ಸ್ತ್ರೀಲಿಂಗ.
ಸೂರ್ಯ ಹೆಣ್ಣು, ಚಂದ್ರ ಗಂಡು, ಸಾವೂ ಗಂಡು.
ಹುಡುಗಿ?
ಹುಡುಗಿ ನಪುಂಸಕ.
ಕೋಣೆಯೆಲ್ಲ ನಕ್ಕಿತು, ಒಬ್ಬಳಿಗೆ ಸಿಟ್ಟೂ ಬಂತು.

ನನಗೆ ನಗು ಬರಲಿಲ್ಲ.
ನಮ್ಮಜ್ಜಿ ಜಗಲಿಯ ಮೇಲೆ ಕೂತು
ಕತ್ತಲಾದಷ್ಟೂ ದಾರಿ ನೋಡುತ್ತ
ಕೇಳಿದವರಿಗೆಲ್ಲ ಹೇಳುತ್ತಿತ್ತು,
"ನಮ್ಮಗ ಡೂಟಿ ಮುಗುಸ್ಕಂಡು ಬತ್ತದೆ, ಇರಿ."
ಬತ್ತಾಳೆ ಅಂದದ್ದು ನಾನು ಕೇಳಿಯೇ ಇಲ್ಲ.
ಅಷ್ಟು ದೂರದ ಮಂಜಿನ ಊರಿನವರಿಗೆ
ನಮ್ಮಜ್ಜಿಯ ವ್ಯಾಕರಣ
ಯಾರು ಕಲಿಸಿದರೋ.

ಎಲ್ಲರೂ ತಮ್ಮ ಹೆಸರು ಹೇಳುವುದನ್ನು ಕಲಿಯುವಾಗ
ಕೈಯೆತ್ತಿ ಬೇರೆ ವಾಕ್ಯ ಕೇಳಿದೆ.
ಮೇಡಂ ಬೋರ್ಡಿನ ಮೇಲೆ ಬರೆದರು:
ವೋ ಟೂಟ್ ಎಸ್ ವೇ.
ಎಸ್ ಎಂದರೆ ಅದು.
ಅಲ್ಲಿಯೂ ನೋಯುವುದು ಅದೇ.

ಸಂಜೆಯ ರೈಲು. ಪಾಂಡವಪುರ ದಾಟಿದ ಮೇಲೆ
ತುಟಿಯಲ್ಲೇ ಗುನುಗುತ್ತಿದ್ದೆ, ವೋ ಟೂಟ್, ವೋ ಟೂಟ್.
ಎದುರು ಕೂತ ವೀಳ್ಯದೆಲೆ ಪೆಂಡಿಯ ಹೆಂಗಸು
ಬಹಳ ಹೊತ್ತು ನೋಡಿ ಕೇಳಿದಳು,
"ಏನವ್ವಾ ಅದು? ಮಂತ್ರವಾ?"
"ಎಲ್ಲಿ ನೋಯ್ತದೆ ಅಂತ ಕೇಳೋದು."
ಅವಳು ಪೆಂಡಿ ಪಕ್ಕಕ್ಕೆ ಸರಿಸಿ
ಸೀರೆ ಒಂದಿಷ್ಟು ಮೇಲೆತ್ತಿ
ಕಾಲು ನನ್ನ ಕಡೆಗೆ ನೀಡಿದಳು.

ಯಲಿಯೂರು ಬರುವವರೆಗೆ ಒತ್ತಿ ನೋಡಿದೆ.
ಆಮೇಲೆ ಚಾರ್ಟು ತೆಗೆದು
ಜರ್ಮನಿ ಎದುರಿನ ಖಾಲಿ ಜಾಗದಲ್ಲಿ ಬರೆದೆ:
ಮಂಡಿ. ನಪುಂಸಕಲಿಂಗ.
ಎಡಗಡೆಯದು, ಊದಿದೆ.