ತಳವಿಲ್ಲದ ಬುಟ್ಟಿ

ಸೋಮವಾರ ಕರ್ನಲ್ ಹಾಕ್ಸ್‌ಲಿಯವರ ಬಟ್ಟೆ ಒಗೆಯುವ ದಿನ.
ಕೋಟಿನಿಂದ ಪದಕ ಬಿಚ್ಚಿ ತಟ್ಟೆಯಲ್ಲಿಡುತ್ತೇನೆ.
ಐದು. ಒಂದರಲ್ಲಿ ರಾಣಿಗೆ ಮೂಗೇ ಇಲ್ಲ, ಸವೆದಿದೆ.
ಬೂದಿ ಹಾಕಿ ಉಜ್ಜಿದವಳು ನಾನೇ. ಹೇಳಬೇಡಿ.

ಚರ್ಚಿನ ಗೋಡೆಗೆ ಈಗಲೇ ಕಲ್ಲು ಕೂರಿಸಿದ್ದಾರೆ ದಂಡಿನವರು:
ಹನ್ನೊಂದು ಸೇತುವೆ, ಮೂರು ಮುತ್ತಿಗೆ,
ಯಾವುದೋ ಕೆಂಪು ಮಣ್ಣಿನ ದೇಶದಲ್ಲಿ ನಲವತ್ತು ಮೈಲಿ ರಸ್ತೆ.
ಸಾಯುವ ತಾರೀಖಿಗೆ ಗೇಣು ಜಾಗ ಬಿಟ್ಟಿದ್ದಾರೆ.
ಭಾನುವಾರ ಅದರ ಕೆಳಗೇ ಕೂತು, ಪ್ರಾರ್ಥನೆಯ ನಡುವೆ,
"ಮೂರನೇ ಸಾಲು ಓರೆ. ನೂಲು ಹಿಡಿದಿಲ್ಲ ಬಡ್ಡೀಮಗ."

ಬುಟ್ಟಿಯ ಮಾತು ಬಂದದ್ದು ಕೋಳಿಯ ದೆಸೆಯಿಂದ.
ಕಾವಿಗೆ ಬಂದ ನನ್ನ ಹೇಟೆಗೊಂದು ಬುಟ್ಟಿ ಬೇಕಿತ್ತು.
ಮೆಡ್‌ವೇ ದಂಡೆಯ ವಿಲೋ ಕಡ್ಡಿ ಕಡಿದು ತಂದರು,
ನೆಲಕ್ಕೆ ದುಂಡಗೆ ಗೂಟ ನೆಟ್ಟು ಹೆಣೆಯಲು ಕೂತರು
ಎಪ್ಪತ್ತೆರಡರ ಮುದುಕ, ನಾಲಿಗೆ ಕಚ್ಚಿಕೊಂಡು.
ಸಂಜೆಗೆ ಎದ್ದು ನಿಂತಿತು ನನ್ನ ಸೊಂಟದೆತ್ತರ.
ಕಿತ್ತು ನೋಡಿದರೆ ತಳವೇ ಇಲ್ಲ!

"ತಳ ಯಾಕೆ, ಡಾರ್ಕಸ್? ಮಣ್ಣು ತುಂಬುವುದಕ್ಕೆ."

ಆಮೇಲೆ ಸಿಪ್ಪೆ ಸುಲಿಯುತ್ತ, ನನಗಲ್ಲ, ಕೋಳಿಗೆ ಹೇಳುವ ಹಾಗೆ:
"ಕಪ್ಪು ಸಮುದ್ರದ ಚಳಿಗಾಲ. ಕತ್ತಲಲ್ಲಿ
ಬಿಳಿ ಪಟ್ಟಿ ಹಾಸಿ ಕಂದಕಕ್ಕೆ ಗೆರೆ ಎಳೆಯುವುದು ನನ್ನ ಕೆಲಸ.
ಗೆರೆಗೆ ಸರಿಯಾಗಿ ಬುಟ್ಟಿ ಉರುಳಿಸಿ ನಿಲ್ಲಿಸುವವನು
ಜಬೆಜ್ ಪಾಸ್ಕೋ, ಕಾರ್ನ್‌ವಾಲಿನ ತವರದ ಗಣಿಯ ಹುಡುಗ.
ತುಂಬುವ ತನಕ ಅದು ಬುಟ್ಟಿಯಲ್ಲ, ಗುಂಡಿನ ಪಾಲಿಗೆ ಗಾಳಿ.
ಒಂದಕ್ಕೆ ಇಪ್ಪತ್ತು ಸಲಿಕೆ ಮಣ್ಣು. ನಾನು ಎಣಿಸುತ್ತಿದ್ದೆ.
ಹದಿನಾಲ್ಕಕ್ಕೆ ಪಾಸ್ಕೋ ಕೂತ.
ಕೂತವನನ್ನು ಸರಿಸಲಿಲ್ಲ, ಹೊತ್ತಿರಲಿಲ್ಲ.
ಅವನು ಒರಗಿದ ಬುಟ್ಟಿಗೇ ಉಳಿದ ಆರು ಹಾಕಿದೆ.
ಬೆಳಕು ಹರಿದಾಗ ಗೆರೆ ನೆಟ್ಟಗಿತ್ತು.
ಜನರಲ್ ಬಂದು ನೋಡಿ, ನೆಟ್ಟಗಿದೆ ಅಂದ."

ಯಾವ ಪದಕ ಅದಕ್ಕೆ, ಎಂದೆ, ಬಾಯಿ ತಡೆಯದೆ.
"ಮೂಗಿಲ್ಲದ್ದು."
ಒಗೆಯುವ ನೀರು ಅಲ್ಲೇ ತಣ್ಣಗಾಯಿತು.

ಹೇಟೆಗೇನು, ಹಾರಿ ಒಳಗಿಳಿಯಿತು. ನೆಲವೇ ತಳ.
ಹದಿಮೂರು ಮೊಟ್ಟೆ ಇಟ್ಟು ಬಂದೆ.
ನರಿ ಬುಡ ಕೆರೆದರೆ, ಎಂದು ಬೇಲಿಯಾಚೆಗೆ
ಸುಮ್ಮನೆ ಅಂದದ್ದು ನಾನು, ಮಲಗುವ ಮುಂಚೆ.

ನಡುರಾತ್ರಿ ಸಲಿಕೆಯ ಸದ್ದು. ಕಿಟಕಿಗೆ ಬಂದೆ.
ಲಾಟೀನಿಲ್ಲ. ತಮ್ಮದೇ ಹಿತ್ತಿಲಲ್ಲಿ,
ಗಿಲಿಂಗ್‌ಹ್ಯಾಮಿನ ಎಲೆಕೋಸಿನ ಸಾಲುಗಳ ನಡುವೆ,
ಬಗ್ಗಿ, ಇನ್ನೂ ಬಗ್ಗಿ, ನಡೆಯುತ್ತಿದ್ದರು ಕರ್ನಲ್,
ಬೇಲಿಯ ಮೇಲೆ ತಲೆ ಕಾಣದ ಹಾಗೆ.