ಗುಂಡಿ ಒತ್ತಿ, ಒಂದು ಕ್ಷಣ ತಡೆದು

ಹನ್ನೊಂದು ವರ್ಷ ಅವಳ ದನಿ ನನ್ನ ಎಡಗಿವಿಯಲ್ಲಿತ್ತು.
ತಾಲ್ಕಾವಾನೊ ಬಂದರು, ಮೂರನೇ ಕಟ್ಟೆ, ನಾಲ್ಕನೇ ಕ್ರೇನು:
ನಲವತ್ತು ಮೀಟರು ಮೇಲೆ ಗಾಜಿನ ಗೂಡಲ್ಲಿ ನೆಲಿದಾ ಓಯಾರ್ಸುನ್,
ಕೆಳಗೆ ಕೊಕ್ಕೆ ಸಿಗಿಸುವ ನಾನು.
'ಎಡಕ್ಕೆ ಒಂದು ಗೇಣು, ಫರ್ಮೀನ್. ತಡಿ. ಹಾಂ, ಇಳಿಸ್ತೀನಿ.'
ಮಂಜು ಕವಿದು ಹಡಗೇ ಕಾಣದ ದಿನ
ಆ ದನಿ ಹಿಡಿದೇ ನಡೆದಿದ್ದೇನೆ
ಕತ್ತಲಲ್ಲಿ ಗೋಡೆ ಸವರುತ್ತ ನಡೆದಂತೆ.

ಜೂನಿನ ಚಳಿಯಲ್ಲಿ ಒಂದು ತಂತಿಹಗ್ಗ ತುಂಡಾಯಿತು.
ಯಾರೂ ಸಾಯಲಿಲ್ಲ. ಕಂಟೇನರು ಬಿದ್ದು ಬಾಯಿಬಿಟ್ಟು
ಕಟ್ಟೆಯ ತುಂಬ ಒಣಗಿದ ಪ್ಲಮ್ಮು.
ಕಡಲಸಿಂಹಗಳು ಮೂಸಿ ನೋಡಿ, ಹೊರಳಿ ಮಲಗಿದವು.
ಹಗ್ಗ ಎಲ್ಲಿ ಸವೆಯುತ್ತಿತ್ತೆಂದು ಕಂಡವಳು ಅವಳೊಬ್ಬಳೇ.
'ನಾಳೆ ಆರಕ್ಕೆ ನೀನೇ ಹೇಳಬೇಕು ಎಲ್ಲರಿಗೂ,' ಅಂದ ಮೇಸ್ತ್ರಿ,
'ಐದೇ ನಿಮಿಷ.'

ಐದೇ ನಿಮಿಷ!
ದಿನಕ್ಕೆ ನೂರು ಸಲ ಮೂವತ್ತು ಟನ್ನು ಎತ್ತುವವಳು
ಆ ಐದು ನಿಮಿಷದ ಕೆಳಗೆ ಸಿಕ್ಕಿಬಿದ್ದಳು.
ಮರದ ಪೆಟ್ಟಿಗೆ ಹತ್ತಿ ನಿಂತಳು. ಎದುರಿಗೆ ಅರವತ್ತು ಹಳದಿ ಟೋಪಿ,
ಅರವತ್ತು ಬಾಯಿಂದ ಹಬೆ.
ಕುತ್ತಿಗೆಯಿಂದ ಕೆಂಪು ಏರಿ ಕಿವಿ ಮುಟ್ಟಿತು.
ಬರೆದು ತಂದ ಚೀಟಿ ಗಾಳಿಯಿಲ್ಲದೆ ನಡುಗಿತು.
'ಹಗ್ಗ...' ಅಂದಳು. ಮತ್ತೆ, 'ಹಗ್ಗ.'
ಗಂಟಲ ಪಸೆ ಆರಿದ್ದು ನಮಗೂ ಕೇಳಿಸಿತು.
ಮರ್ಯಾದೆ ಅಂದುಕೊಂಡು
ನಾವೆಲ್ಲ ನಮ್ಮ ನಮ್ಮ ಬೂಟು ನೋಡಿಕೊಂಡೆವು.
ಇಳಿದು ಹೋದಳು.
ಏಣಿಯ ಮೇಲೆ ಅವಳ ಹೆಜ್ಜೆ ಬಹಳ ಹೊತ್ತು ಸದ್ದು ಮಾಡಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸರಿ.
ಆಡದೆ ನುಂಗಿದ ಮಾತು?
ಅದು ಎಲ್ಲಿಗೆ ಹೋಗುತ್ತದೆ?
ಆ ದಿನ ರೇಡಿಯೋದಲ್ಲಿ 'ಎಡಕ್ಕೆ', 'ತಡಿ', ಅಷ್ಟೇ.
ನನ್ನ ಹೆಸರು ಒಮ್ಮೆಯೂ ಬರಲಿಲ್ಲ.

ಮಧ್ಯಾಹ್ನ ರೊಟ್ಟಿಯ ಪೊಟ್ಟಣ ಹಲ್ಲಲ್ಲಿ ಕಚ್ಚಿ ನಾನು ಏಣಿ ಹತ್ತಿದೆ.
ನನಗೆ ಎತ್ತರವೆಂದರೆ ಜೀವ ಕೈಯಲ್ಲಿ;
ಹನ್ನೊಂದು ವರ್ಷದಲ್ಲಿ ಅದೇ ಮೊದಲು.
ಗೂಡಿನ ನೆಲಕ್ಕೆ ಕುಕ್ಕರಿಸಿ, ಕುರ್ಚಿಯ ಕಾಲು ತಬ್ಬಿ, ಕಣ್ಣು ಮುಚ್ಚಿದೆ.
ನಕ್ಕಳು. ಆಮೇಲೆ ಅತ್ತಳು. ಆಮೇಲೆ ರೊಟ್ಟಿ ಮುರಿದಳು.
'ನನಗೆ ದಿನವಿಡೀ ಹೇಳ್ತೀಯಲ್ಲ,' ಅಂದೆ, 'ಅದು ಹೇಗೆ?'
'ಅದಾ? ಗುಂಡಿ ಒತ್ತಿ ಒಂದು ಕ್ಷಣ ತಡೀತೀನಿ.
ತಡೆಯದಿದ್ದರೆ ಮೊದಲ ಪದ ತುಂಡಾಗಿ ಹೋಗ್ತದೆ.'
ಇಬ್ಬರೂ ಸುಮ್ಮನಾದೆವು.
ನಮ್ಮ ಕಾಲ ಕೆಳಗೆ ಒಂದು ಪೆಲಿಕನ್ ಹಾದುಹೋಯಿತು
(ಅಂತ ಅವಳು ಹೇಳಿದಳು, ನಾನು ನೋಡಲಿಲ್ಲ).

ಮೂರು ವಾರ, ಪಾಳಿ ಮುಗಿದ ಮೇಲೆ ಅಭ್ಯಾಸ.
ಮೊದಲು ನನ್ನೆದುರು. ಆಮೇಲೆ ಟೀ ಅಂಗಡಿಯ ಎರ್ಮೆಲಿಂದಾ ಎದುರು,
ಅವಳು ನಡುವೆ ಚಿಲ್ಲರೆ ಎಣಿಸುತ್ತಿದ್ದಳು.
ರಾಟೆ ಅನ್ನಲು ಹೋಗಿ ರೊಟ್ಟಿ ಅಂದಳು,
ಎರಡು ದಿನ ಬರಲೇ ಇಲ್ಲ, ಮತ್ತೆ ಬಂದಳು.

ಜುಲೈ, ಬೆಳಗಿನ ಆರು, ಮಂಜು.
ಈ ಸಲ ಚೀಟಿ ಇಲ್ಲ.
ಅವಳ ಬಲ ಹೆಬ್ಬೆರಳು ಕೋಟಿನ ಎರಡನೇ ಗುಂಡಿ ಹುಡುಕಿ
ಒತ್ತಿತು.
ಒಂದು ಕ್ಷಣ.
'ಕೇಳಿಸ್ತಿದೆಯಾ?' ಅಂದಳು, ರೂಢಿಬಲ.
ಅರವತ್ತು ಜನ, ನಮಗೂ ಅದೇ ರೂಢಿ,
'ಕೇಳಿಸ್ತಿದೆ!'
ಅಷ್ಟು ಹೊತ್ತಿಗೆ ಮಾತು ಶುರುವಾಗಿಬಿಟ್ಟಿತ್ತು.

ದನಿ ನಡುಗಿತು, ಇಲ್ಲವೆನ್ನಲಾರೆ. ಎರಡು ಕಡೆ ನಿಂತೂ ಹೋಯಿತು.
ಆದರೆ ರಾಟೆಯ ಅಂಚು, ಮೂರನೇ ಎಳೆ, ತುಕ್ಕಿನ ಗೆರೆ
ಒಂದೊಂದನ್ನೂ ನನ್ನ ಮುಂದೆ ಕಂಟೇನರು ಇಳಿಸುವ ಹಾಗೆ
ನಿಧಾನವಾಗಿ ನೆಲಕ್ಕೆ ತಾಗಿಸಿದಳು.
ಹಿಂದಿನ ಸಾಲಿನಿಂದ ಹುಡುಗ ಬೌದೀಲಿಯೊ ಕೂಗಿದ:
'ಅಷ್ಟು ಮೇಲಿಂದ ಹೇಗೆ ಗೊತ್ತಾಯ್ತು?'
'ಸದ್ದು ಬೇರೆ ಬಂತು. ಬಾ, ತೋರಿಸ್ತೀನಿ,' ಎನ್ನುತ್ತ
ಎರಡೂ ಕೈಯೆತ್ತಿ ಗಾಳಿಯಲ್ಲಿ ರಾಟೆ ತಿರುಗಿಸಿದಳು.
ಗುಂಡಿ ಒಂಟಿಯಾಗಿ ಅಲ್ಲೇ ಇತ್ತು.

ಈಗಲೂ ಪೆಟ್ಟಿಗೆ ಹತ್ತುವ ಮುನ್ನ ಎರಡು ಸಲ ಶೌಚಕ್ಕೆ ಹೋಗುತ್ತಾಳೆ.
ಆ ಗುಂಡಿ ಒಮ್ಮೆ ಕಿತ್ತು ಬಂದು, ಗಾಳದ ದಾರದಲ್ಲಿ ಹೊಲಿದಿದ್ದಾಳೆ.
ನಾನು ಮಾತ್ರ
ಎರಡನೇ ಸಲ ಆ ಏಣಿ ಹತ್ತಿಲ್ಲ.